ಮೂರನೇ ಸ್ಟೇಷನ್ನಿನಲ್ಲಿ ಇಳಿದವರು

ಅಪ್ಪ ತೀರಿಕೊಂಡ ಮರುತಿಂಗಳು ಗ್ರಂಥಾಲಯದ ಕಾರ್ಯದರ್ಶಿಗಳು ನಮ್ಮ ಔಷಧಿ ಅಂಗಡಿಗೆ ಬಂದರು. ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಅಪ್ಪನ ನೆನಪಿಗಾಗಿ ಒಂದು ಸಭೆ, ಮನೆಯವರ ಪರವಾಗಿ ನಾನು ಮಾತಾಡಬೇಕು ಎಂದರು.

"ಊರಿಗೆ ಗೊತ್ತಿಲ್ಲದ ಒಂದು ಪ್ರಸಂಗ ಹೇಳಿಬಿಡಿ, ಸಾಕು."

"ಊರಿಗೆ ಗೊತ್ತಿಲ್ಲದ್ದು ಏನಿದೆ ಸಾರ್? ಅಪ್ಪನ ವಿಷಯ ಎಲ್ಲಾ ಊರಿಗೆ ಮೊದಲು ಗೊತ್ತಾಗ್ತಿತ್ತು, ನಮಗೆ ಆಮೇಲೆ."

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಊರಿನಲ್ಲಿ ಅಪ್ಪನಿಗೆ ಮಾತ್ರೆ ಮೇಷ್ಟ್ರು ಎಂದೇ ಹೆಸರು. ಪಾಠ ಮಾಡದೆ ಅವರು ಯಾರಿಗೂ ಒಂದು ಮಾತ್ರೆ ಕೊಟ್ಟವರಲ್ಲ. "ಊಟಕ್ಕೆ ಮುಂಚೆಯೋ, ಆಮೇಲೋ? ಈಗ ನೀವು ಹೇಳಿ ನೋಡೋಣ" ಎಂದು ಗಿರಾಕಿಯನ್ನೇ ಪ್ರಶ್ನೆ ಕೇಳುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ. ಹಿಂದೆ ನಿಂತ ನಾಲ್ಕು ಜನ ನಿಟ್ಟುಸಿರು ಬಿಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಸೈಕಲ್ ಹತ್ತಿ, ಓಡಾಡಲಾಗದವರ ಮನೆಗಳಿಗೆ ಔಷಧಿ ತಲುಪಿಸಿ ಬರುತ್ತಿದ್ದರು. ಯಾರ ರಕ್ತ ಯಾವ ಗುಂಪಿನದು ಎಂದು ಬರೆದಿಟ್ಟ ಪುಸ್ತಕ ನಮ್ಮ ಅಡುಗೆಮನೆಯ ಕಿಟಕಿಯಲ್ಲೇ ಇರುತ್ತಿತ್ತು. ಆಸ್ಪತ್ರೆಯಿಂದ ಫೋನ್ ಬಂದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ಹೆಸರು ಹುಡುಕುತ್ತಿದ್ದರು. ಶಾಲೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಲು ನಮ್ಮ ಹಾಸಿಗೆಯ ಹೊದಿಕೆಯನ್ನೇ ಹರಿದು ಒಯ್ದಿದ್ದೂ ಉಂಟು. ಹೊದಿಕೆ ಹೊಸದು.

ಹಾಗೆಂದು ಮನೆಯನ್ನು ಮರೆತವರೂ ಅಲ್ಲ. ಮರೆತಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು, ನಿಶ್ಚಿಂತೆಯಿಂದ ಬೈದುಕೊಂಡು ಇರಬಹುದಿತ್ತು. ನನಗೂ ಅಕ್ಕನಿಗೂ ದಿನಾ ಬೆಳಿಗ್ಗೆ ಜಡೆ ಹಾಕುತ್ತಿದ್ದವರು ಅಪ್ಪ. ಅಮ್ಮನಿಗೆ ತಲೆನೋವು ಬಂದ ದಿನ ಮನೆಯಲ್ಲಿ ಒಂದು ಪಾತ್ರೆಯ ಸದ್ದಾಗಲು ಬಿಡುತ್ತಿರಲಿಲ್ಲ. ಊರಿಗೆಲ್ಲ ರಕ್ತದೊತ್ತಡ ನೋಡುತ್ತಿದ್ದ ಆ ಮನುಷ್ಯ ಮೂರು ವರ್ಷದಿಂದ ತಮ್ಮದನ್ನು ನೋಡಿಕೊಂಡಿರಲಿಲ್ಲ ಎಂಬುದು ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಸಿದು ಬಿದ್ದ ಮೇಲೆ ಗೊತ್ತಾಯಿತು. ಎಂಟು ವರ್ಷದಿಂದ ಅವರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುತ್ತಿದ್ದ ನನಗೂ ಗೊತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸಭೆಯ ವಿಷಯ ಹೇಳಿದಾಗ ಅಮ್ಮ ಬಟ್ಟೆ ಮಡಿಸುತ್ತಿದ್ದಳು.

"ಏನು ಹೇಳ್ತೀಯ?"

"ರೈಲಿನ ಕತೆ ಹೇಳ್ಲಾ ಅಂತ."

ಅಮ್ಮ ಕೈಯಲ್ಲಿದ್ದ ಸೀರೆ ಮಡಿಸಿಟ್ಟು, "ಹೇಳು. ಒಂದು ಜೀವ ಉಳಿಯಿತಲ್ಲ, ಅದಕ್ಕೇ ನಾನು ಬಾಯಿ ಮುಚ್ಕೊಂಡಿದ್ದೆ. ಜನಕ್ಕೂ ಗೊತ್ತಾಗ್ಲಿ" ಎಂದಳು.

ಭಾನುವಾರ ಓದುವ ಕೋಣೆ ತುಂಬಿ, ಜನ ಪುಸ್ತಕದ ಬೀರುಗಳಿಗೆ ಒರಗಿ ನಿಂತಿದ್ದರು. ಮೊದಲು ಮಾತಾಡಿದ ಮೂವರೂ ಅಪ್ಪನನ್ನು ದೀಪಕ್ಕೆ ಹೋಲಿಸಿದರು. ಅಮ್ಮ ಮುಂದಿನ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ನನ್ನ ಸರದಿ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು, ತಮ್ಮನಿಗೆ ನಾಲ್ಕು. ಸಮುದ್ರ ನೋಡಬೇಕು ಎಂದು ಅಮ್ಮ ಮದುವೆಯಾದಾಗಿನಿಂದ ಹೇಳುತ್ತಿದ್ದಳಂತೆ. ಕೊನೆಗೆ ಅಪ್ಪ ಎರಡು ದಿನಕ್ಕೆ ಕೋಣೆ ಗೊತ್ತು ಮಾಡಿ, ಅಂಗಡಿಗೆ ಬೀಗ ಹಾಕಿ, ಎಲ್ಲರನ್ನೂ ಬೆಳಗಿನ ರೈಲು ಹತ್ತಿಸಿದರು. ಎರಡು ಸ್ಟೇಷನ್ ದಾಟುವವರೆಗೆ ಎಲ್ಲ ಸರಿಯಿತ್ತು. ತಮ್ಮನಿಗೆ ಕಿತ್ತಳೆ ಸುಲಿದುಕೊಡುತ್ತಿದ್ದ ಅಪ್ಪನ ಕೈ ತಟ್ಟನೆ ನಿಂತಿತು.

"ಮೇಲಿನ ಖಾನೆಯಿಂದ ತೆಗೆದ್ನಾ, ಕೆಳಗಿನದರಿಂದಲಾ?"

"ಏನನ್ನ?" ಎಂದಳು ಅಮ್ಮ.

ಹಿಂದಿನ ಸಂಜೆ ಬೀಗ ಹಾಕುವ ಹೊತ್ತಿಗೆ ಗಡಿಯಾರ ರಿಪೇರಿಯವರ ತಾಯಿ ಹೃದಯದ ಮಾತ್ರೆಗೆ ಬಂದಿದ್ದರಂತೆ. ಆ ಮಾತ್ರೆಯಲ್ಲಿ ಎರಡು ಪ್ರಮಾಣ. ಒಂದಕ್ಕಿಂತ ಇನ್ನೊಂದು ನಾಲ್ಕು ಪಟ್ಟು ಜೋರು. ಎರಡಕ್ಕೂ ಒಂದೇ ನೀಲಿ ಪೊಟ್ಟಣ. ಮನೆಗೆ ಹೊರಡುವ ಆತುರದಲ್ಲಿ ಯಾವುದನ್ನು ಕೊಟ್ಟೆ ಎಂದು ಅಪ್ಪನಿಗೆ ನೆನಪಾಗಲೊಲ್ಲದು.

"ರೀ, ಸುಮ್ನಿರಿ. ನೀವು ಯಾವತ್ತು ತಪ್ಪು ಕೊಟ್ಟಿದೀರಿ?"

"ಕೊಟ್ಟಿದ್ರೆ?"

"ಫೋನ್ ಮಾಡಿ, ಮುಂದಿನ ಸ್ಟೇಷನ್ನಿಂದ."

"ಅವರ ಮನೇಲಿ ಫೋನಿಲ್ಲ. ಇವತ್ತು ಮಗನ ಅಂಗಡಿಗೂ ರಜ."

ರೈಲು ಮೂರನೇ ಸ್ಟೇಷನ್ನಿನಲ್ಲಿ ನಿಂತಿತು. "ನೀವು ಮುಂದೆ ಹೋಗಿರಿ, ಸಂಜೆ ಗಾಡಿಗೆ ಬಂದು ಸೇರ್ಕೋತೀನಿ" ಎಂದು ಅಪ್ಪ ಅರ್ಧ ಸುಲಿದ ಹಣ್ಣನ್ನು ಅಕ್ಕನ ಕೈಗೆ ತುರುಕಿ ಇಳಿದೇಬಿಟ್ಟರು. ರೈಲು ಹೊರಟ ಮೇಲೆ ಅಮ್ಮನಿಗೆ ಹೊಳೆದದ್ದು, ಎಲ್ಲರ ಟಿಕೆಟ್ ಅಪ್ಪನ ಅಂಗಿಯ ಜೇಬಿನಲ್ಲಿದೆ ಎಂದು.

ಇಲ್ಲಿ ಸಭೆ ಗೊಳ್ಳೆಂದು ನಕ್ಕಿತು. ನಾನು ಮುಂದುವರಿಸಿದೆ. ಟಿಕೆಟ್ ತಪಾಸಣೆಯವರು ಬಂದರು. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಗಂಡ ಮಾತ್ರೆ ನೋಡೋಕೆ ಇಳಿದ್ರು ಅಂತ ಇದುವರೆಗೂ ಯಾರೂ ಹೇಳಿರ್ಲಿಲ್ಲ" ಎಂದು ನಮ್ಮನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದರು. ನಾಲ್ಕು ಚೀಲ, ಮೂರು ಮಕ್ಕಳು. ಸ್ಟೇಷನ್ ಮಾಸ್ತರರು ನಮ್ಮೂರಿನ ಸ್ಟೇಷನ್ನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದರು. ಏಳು ಗಂಟೆ ನಾವು ಅವರ ಕೋಣೆಯಲ್ಲಿ ಕೂತಿದ್ದೆವು. ತಮ್ಮ ಎರಡು ಸಲ ವಾಂತಿ ಮಾಡಿಕೊಂಡ. ನಾಲ್ಕು ಗಂಟೆಗೆ ಅಪ್ಪ ಬಂದವರು ಮುಖ ಒರೆಸಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು: "ಹೋಗಿದ್ದು ಒಳ್ಳೇದಾಯ್ತು." ಕತ್ತಲಾದ ಮೇಲೆ ಸಮುದ್ರದ ಊರು ಸೇರಿದೆವು. ಮಾರನೆಯ ದಿನ ಬೆಳಿಗ್ಗೆ ಸಿಕ್ಕ ಅರ್ಧ ದಿನದಲ್ಲಿ ಅಪ್ಪ, ಚಿಪ್ಪು ತಾಗಿ ಕಾಲು ಕೊಯ್ದುಕೊಂಡ ಯಾರಿಗೋ ಪಟ್ಟಿ ಕಟ್ಟುತ್ತಾ ಕೂತರು.

"ನಾವು ಬಯಸಿದ್ದು ಅಪ್ಪನನ್ನ ಎರಡೇ ಎರಡು ದಿನ," ಎಂದೆ. "ಅದೂ ಪೂರ್ತಿ ಸಿಗಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು! ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, "ಎಂಥಾ ತ್ಯಾಗ!" ಎಂದರು. ನಾನು ದೂರು ಹೇಳಿದ್ದು, ಅವರಿಗೆ ಕೇಳಿಸಿದ್ದು ಹೊಗಳಿಕೆ. ಗೋಡೆಗೆ ಹೇಳಿದ್ದರೂ ಇದಕ್ಕಿಂತ ಮೇಲಿತ್ತು.

ಅಷ್ಟರಲ್ಲಿ ಹಿಂದಿನಿಂದ ಗಡಿಯಾರ ರಿಪೇರಿಯವರು ಕೈ ಎತ್ತಿದರು. ಅವರಿಗೀಗ ಅರವತ್ತು ದಾಟಿದೆ. ಮೈಕು ಕೊಟ್ಟದ್ದೇ ಸಂತೋಷದಿಂದ ಶುರುಮಾಡಿದರು.

"ಆ ತಾಯಿ ನಮ್ಮಮ್ಮ. ಅವತ್ತು ನಾನೂ ಮನೇಲೇ ಇದ್ದೆ. ಮೇಷ್ಟ್ರು ಏದುಸಿರು ಬಿಡ್ತಾ ಬಂದ್ರು. ಮಾತ್ರೆ ತೋರ್ಸಿ, ಮಾತ್ರೆ ತೋರ್ಸಿ ಅಂದ್ರು. ನೋಡಿದ್ರೆ ಮಾತ್ರೆ ಸರಿಯಾಗೇ ಇತ್ತು! ಸರಿಯಾದ್ದೇ ಕೊಟ್ಟಿದ್ರು. ನಮ್ಮಮ್ಮ ಚೆನ್ನಾಗಿ ಬೈದ್ರು ಅವರನ್ನ, ಹೆಂಡತಿ ಮಕ್ಕಳನ್ನ ರೈಲಲ್ಲಿ ಬಿಟ್ಟು ಬರೋದಾ ಅಂತ. ಆಮೇಲೆ ಕೂರಿಸಿ ಊಟ ಹಾಕಿದ್ರು. ಆರಾಮಾಗಿ ಒಂದು ಗಂಟೆ ಇದ್ದು ಹೋದ್ರು."

ಮತ್ತೆ ಚಪ್ಪಾಳೆ. ಮೈಕು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಮರಳಿ ಬಂತು. ನಾನು ಅಮ್ಮನ ಕಡೆ ನೋಡಿದೆ. ಅವಳ ಮುಖ ಹೇಗಾಗಿತ್ತೆಂದರೆ ಮುಂದಿನ ಸಾಲಿನವರು ತಟ್ಟುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಅವಳು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಅಮ್ಮ ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಯಾಕೆ ಚಪ್ಪಾಳೆ ತಟ್ತೀರಿ? ಮಾತ್ರೆ ಸರಿ ಇತ್ತಾ?"

"ಸರಿ ಇತ್ತಮ್ಮ" ಎಂದರು ಗಡಿಯಾರದವರು, ಈಗ ದನಿ ತಗ್ಗಿಸಿ.

"ಊಟ ಮಾಡಿದ್ರಾ?"

"ಹ್ಞೂಂ... ಎರಡನೇ ಸಲಾನೂ ಬಡಿಸ್ಕೊಂಡ್ರು."

"ನಾವು ನಾಲ್ಕು ಜನ ಬೆಳಿಗ್ಗೆಯಿಂದ ಬಿಸ್ಕತ್ತು ತಿಂದ್ಕೊಂಡು ಕೂತಿದ್ವಿ," ಎಂದು ಅಮ್ಮ ಮೈಕನ್ನು ಮೇಜಿನ ಮೇಲಿಟ್ಟಳು. ಅದು ಕಿರ್ರೆಂದಿತು. ಕಾರ್ಯದರ್ಶಿಗಳು ಗಾಬರಿಯಿಂದ ವಂದನಾರ್ಪಣೆ ಮಾಡಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಎದುರಿಗೆ ಸಿಕ್ಕವರು "ಸಭೆ ಚೆನ್ನಾಗಾಯ್ತಂತೆ" ಎಂದರೆ ಅವರಿಗೂ ಮುಖ ಕೊಡಲಿಲ್ಲ. ಬಾಗಿಲು ತೆಗೆದು ಒಳಗೆ ಬಂದವಳೇ ಅಡುಗೆಮನೆಯ ಮಣೆಯ ಮೇಲೆ ಕೂತಳು.

"ಇಪ್ಪತ್ತಾರು ವರ್ಷ ಕಣೇ. ಒಂದು ಜೀವ ಉಳಿಸಿ ಬಂದವರನ್ನ ಹೇಗೆ ಬೈಯೋದು ಅಂತ ನುಂಗ್ಕೊಂಡಿದ್ದೆ. ಸಮುದ್ರದ ದಂಡೇಲಿ ನಿಂತಾಗ ಸಿಟ್ಟು ಬಂದ್ರೆ, ಛೆ, ಆ ಅಜ್ಜಿ ಬದುಕಿದ್ರಲ್ಲ ಅಂದ್ಕೋತಿದ್ದೆ. ಆ ಅಜ್ಜಿಗೆ ಏನೂ ಆಗಿರ್ಲೇ ಇಲ್ಲ!"

"ಅಪ್ಪ ಸುಳ್ಳು ಹೇಳಿರ್ಲಿಲ್ಲವಲ್ಲಮ್ಮ. ಹೋಗಿದ್ದು ಒಳ್ಳೇದಾಯ್ತು ಅಂದ್ರು, ಅಷ್ಟೇ."

"ಅದೇ ನೋಡು! ಸುಳ್ಳಾದ್ರೂ ಹೇಳಿದ್ರೆ ಹಿಡೀಬಹುದಿತ್ತು."

ನನಗೆ ನಗು ಬಂತು, ತಡೆದುಕೊಂಡೆ. ಆಮೇಲೆ ಕೇಳಿದೆ, "ಮಾತ್ರೆ ನಿಜವಾಗ್ಲೂ ತಪ್ಪಾಗಿದ್ರೆ, ನಿನ್ನ ಹತ್ರ ಹೇಳ್ತಿದ್ರಾ?"

ಅಮ್ಮ ಯೋಚನೆ ಮಾಡಿದಳು. ಅವಳು ಎಷ್ಟು ಸಿಟ್ಟಿನಲ್ಲಿದ್ದರೂ ಅಪ್ಪನ ವಿಷಯದಲ್ಲಿ ಅನ್ಯಾಯದ ಮಾತಾಡುವವಳಲ್ಲ.

"ಹೇಳ್ತಿದ್ರು. ತಪ್ಪಾಗಿದ್ರೆ ರೈಲಿಂದ ಇಳಿದ ತಕ್ಷಣ, ಎಲ್ಲರ ಎದುರಿಗೇ ಹೇಳ್ತಿದ್ರು. ನಾಲ್ಕು ದಿನ ಊಟ ಬಿಡ್ತಿದ್ರು. ಸರಿಯಾಗಿತ್ತಲ್ಲ, ಅದನ್ನ ನನ್ನ ಮುಂದೆ ಹೇಳೋಕೆ ಧೈರ್ಯ ಆಗ್ಲಿಲ್ಲ ಆ ಮನುಷ್ಯಂಗೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಹೆದರ್ತಿದ್ರು ಅಂತ ಒಂದು ಸಲವಾದ್ರೂ ಗೊತ್ತಾಗಿದ್ರೆ ಎಷ್ಟು ಕೆಲಸ ಮಾಡಿಸ್ಕೋಬಹುದಿತ್ತು!"

"ಈಗ ಬಿಡಮ್ಮ."

"ಹೇಗೆ ಬಿಡ್ಲಿ? ಇವತ್ತು ಗೊತ್ತಾಗಿದೆ, ಜಗಳ ಆಡೋಣ ಅಂದ್ರೆ ಜನ ಇಲ್ಲ. ಯಾರ ಹತ್ರ ಆಡ್ಲಿ?"

"ನನ್ನ ಹತ್ರ ಆಡು. ನಾನೂ ಅದೇ ಅಂಗಡೀಲಿ ನಿಲ್ಲೋಳು."

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನಿಂದ ಆಗುವ ಕೆಲಸವೇ ಎಂದು ಅಳೆಯುವ ಹಾಗೆ. ಆಮೇಲೆ ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಶುರುಮಾಡಿದಳು. ಹರಿದ ಹೊದಿಕೆ, ಆರಿದ ಅನ್ನ, ಅಕ್ಕನ ಹೆರಿಗೆಯ ದಿನ ಆಸ್ಪತ್ರೆಗೆ ಬಂದವರು ಪಕ್ಕದ ಹಾಸಿಗೆಯವರಿಗೆ ಔಷಧಿ ಹುಡುಕಿಕೊಂಡು ಹೋಗಿದ್ದು, ಎಲ್ಲ ಬಂತು. ಮಧ್ಯಾಹ್ನ ಮೂರು ಗಂಟೆಯಾದರೂ ಮುಗಿಯಲಿಲ್ಲ. ಅಪ್ಪನ ಪರವಾಗಿ ನಾನು ಆಡಿದ ಒಂದು ಮಾತೂ ಅವಳ ಮುಂದೆ ನಿಲ್ಲಲಿಲ್ಲ.