ಮಿಸ್ ಈಡಿತ್ ನಕ್ಕ ಜಾಗ

ಔಷಧಿ ಚೀಟಿಯ ಮೇಲೆ ಯಾರ ಹೆಸರಿದೆ ಎಂದು ಒರಿಯೆಲಿಸ್ ನೋಡುತ್ತಿದ್ದುದೇ ಕಡಿಮೆ. ಮಾತ್ರೆಯ ಹೆಸರು ಸಿಕ್ಕಿದರೆ ಅವಳ ಕೆಲಸ ಮುಗಿಯಿತು. ಆವತ್ತು ಮಾತ್ರ ಕಣ್ಣು ಹೆಸರಿನ ಮೇಲೆಯೇ ಕೂತುಬಿಟ್ಟಿತು. ಈಡಿತ್ ಮೇನಾರ್ಡ್.

"ಎಂಟನೇ ಬೀದಿ ಕಾಂಬೊ ವಾದ್ಯತಂಡದಲ್ಲಿ ಹಾಡ್ತಿದ್ದ ಈಡಿತ್ ಮೇನಾರ್ಡ್ ನೀವೇನಾ?"

ಕೌಂಟರಿನ ಆಚೆ ನಿಂತಿದ್ದ ಮುದುಕಿ ಕನ್ನಡಕದ ಮೇಲಿಂದ ನೋಡಿದರು. "ಬಿಪಿ ಇರೋ ಈಡಿತ್ ಮೇನಾರ್ಡ್ ನಾನು. ಬೇಗ ಕೊಡಮ್ಮ, ಬಸ್ಸು ತಪ್ಪತ್ತೆ."

"ಹಾಡ್ತಿದ್ರಾ ಇಲ್ವಾ, ಅದು ಹೇಳಿ."

"ಹಾಡಿದ್ದು ನಾಲ್ಕು ವರ್ಷ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದದ್ದು ಮೂವತ್ತು ವರ್ಷ. ಅದನ್ನ ಯಾರೂ ಕೇಳಲ್ಲ ನೋಡು!"

ಒರಿಯೆಲಿಸ್‌ಳ ಕೈಯಿಂದ ಮಾತ್ರೆಯ ಡಬ್ಬಿ ಬಿದ್ದೇಹೋಯಿತು.

ಅವಳ ಹುಚ್ಚು ಕೊಲೋನ್ ಎಂಬ ಆ ಬಂದರು ಊರಿನ ಅರ್ಧ ಜನಕ್ಕೆ ಗೊತ್ತಿತ್ತು. ಇಪ್ಪತ್ತೊಂದು ವರ್ಷದ ಹುಡುಗಿ, ತಾನು ಹುಟ್ಟಿದ್ದೇ ಐವತ್ತು ವರ್ಷ ತಡವಾಯಿತು ಎಂದು ಕೊರಗುವವಳು. ತನ್ನಂಥ ನಾಲ್ವರು ಹುಚ್ಚರನ್ನು ಸೇರಿಸಿ ಹಾಡಿನ ತಂಡ ಕಟ್ಟಿದ್ದಳು. ಅಗಲ ಕಾಲಿನ ಪ್ಯಾಂಟು, ಚೂಪು ಕಾಲರಿನ ಅಂಗಿ. ಅಭ್ಯಾಸಕ್ಕೆ ಕೂತರೆ ಫೋನ್ ಮುಟ್ಟುವ ಹಾಗಿಲ್ಲ. ಎಪ್ಪತ್ತೈದರ ಈಚಿನ ಒಂದು ಹಾಡೂ ಇಲ್ಲ. "ನಿಮ್ಮಜ್ಜಿಗೇ ಬೇಜಾರಾಗಿ ಬಿಟ್ಟ ಹಾಡುಗಳನ್ನ ನೀನು ಹೆಕ್ಕಿಕೊಂಡು ಬಂದಿದ್ದೀಯಲ್ಲೇ" ಎಂದು ಅವಳಮ್ಮ ಹಂಗಿಸುತ್ತಿದ್ದಳು.

ಆ ಹಾಡುಗಳಲ್ಲೆಲ್ಲ ಅವಳ ಜೀವ ಇದ್ದದ್ದು ಒಂದರಲ್ಲಿ. ಎಪ್ಪತ್ತೊಂದನೇ ಇಸವಿಯ ಯಾವುದೋ ಭಾನುವಾರ, ಬಂದರು ಕಾರ್ಮಿಕರ ಸಂಘದ ಹಾಲ್‌ನಲ್ಲಿ ನಡೆದ ಕುಣಿತದ ಮಧ್ಯಾಹ್ನ. ಯಾರೋ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದನ್ನು ಅವರ ಮೊಮ್ಮಗ ನೆಟ್‌ಗೆ ಹಾಕಿದ್ದ. ಗ್ಲಾಸುಗಳ ಸದ್ದು, ಮಗುವಿನ ಅಳು, ನೆಲಕ್ಕೆ ಉಜ್ಜುವ ನೂರಾರು ಕಾಲು. ಎರಡನೇ ಚರಣದ ನಡುವೆ ಹಾಡುಗಾರ್ತಿ, ಅದೇ ಈಡಿತ್ ಮೇನಾರ್ಡ್, ತಟ್ಟನೆ ನಿಲ್ಲಿಸಿ ನಕ್ಕುಬಿಡುತ್ತಾಳೆ. ಒಂದೇ ಗಳಿಗೆ, ಮತ್ತೆ ಹಾಡು ಹಿಡಿಯುತ್ತಾಳೆ. ಆ ನಗುವನ್ನು ಒರಿಯೆಲಿಸ್ ಒಂದು ಉಸಿರೂ ತಪ್ಪದ ಹಾಗೆ ಕಲಿತಿದ್ದಳು. ಹಾಡಿನೊಳಗೆ ಹಿಡಿಸಲಾರದಷ್ಟು ಸುಖ ಇದ್ದ ಕಾಲ ಅದು ಎಂದು ಅವಳ ನಂಬಿಕೆ.

ಎರಡು ವಾರ ಕಾಡಿ ಬೇಡಿದ ಮೇಲೆ ಮಿಸ್ ಈಡಿತ್ ಒಂದು ಶನಿವಾರ ಅಭ್ಯಾಸ ನೋಡಲು ಬಂದರು. ಮರುದಿನ ತಂಡ ಜನರ ಮುಂದೆ ಹಾಡುವುದಿತ್ತು. ಕೂರಲು ತಮ್ಮದೇ ದಿಂಬು, ಬೀಸಿಕೊಳ್ಳಲು ಚರ್ಚಿನ ರಟ್ಟಿನ ಬೀಸಣಿಗೆ. ಆರ್ಗನ್ ನುಡಿಸುವ ಆಲ್ವಿನ್ ಮುಂದೆ ಬಂದು ಅವರ ಕೈಗೆ ಮುತ್ತಿಟ್ಟ. "ಸಾಕು ಬಿಡೋ, ನಾನೇನು ಬಿಷಪ್ಪಾ?" ಎಂದರು.

ಹುಡುಗರು ಆ ಹಾಡನ್ನೇ ನುಡಿಸಿದರು. ಎರಡನೇ ಚರಣ ಬಂತು. ಒರಿಯೆಲಿಸ್ ನಿಲ್ಲಿಸಿ, ನಕ್ಕು, ಮತ್ತೆ ಹಿಡಿದಳು. ಮಿಸ್ ಈಡಿತ್‌ರ ಬೀಸಣಿಗೆ ನಿಂತುಹೋಯಿತು.

"ನಡುವೆ ಯಾಕೆ ನಕ್ಕೆ?" ಹಾಡು ಮುಗಿದ ಮೇಲೆ ಕೇಳಿದರು.

"ನೀವು ನಗ್ತೀರಲ್ಲ ಮಿಸ್ ಈಡಿತ್. ಕ್ಯಾಸೆಟ್ಟಲ್ಲಿ."

"ಯಾವ ಕ್ಯಾಸೆಟ್ಟು?"

ಅವರಿಗೆ ಗೊತ್ತೇ ಇರಲಿಲ್ಲ. ಒರಿಯೆಲಿಸ್ ತನ್ನದೇ ನಿಯಮ ಮುರಿದು ಫೋನ್ ತೆಗೆದು ಅವರ ಕಿವಿಯ ಹತ್ತಿರ ಹಿಡಿದಳು. ಮಿಸ್ ಈಡಿತ್ ಕಣ್ಣು ಮುಚ್ಚಿ ಕೇಳಿದರು. ನಗು ಬಂದುಹೋದ ಮೇಲೆ, "ಇನ್ನೊಂದ್ಸಲ ಹಾಕು" ಎಂದರು. ಮೂರು ಸಲ ಹಾಕಿಸಿದರು.

"ನಮ್ಮಮ್ಮ ಬಂದಿದ್ಲು ಕಣೇ ಆವತ್ತು" ಎಂದರು ಕೊನೆಗೆ. "ಕುಣಿತದ ಹಾಲ್‌ನಲ್ಲಿ ಹಾಡ್ತೀನಿ ಅಂತ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ಲು. ಒಂದೇ ಮನೆ, ಒಂದೇ ಅಡುಗೆ, ಮಾತಿಲ್ಲ. ಆವತ್ತು ಕಣ್ಣೆತ್ತಿ ನೋಡ್ತೀನಿ, ಬಾಗಿಲಲ್ಲಿ ನಿಂತಿದಾಳೆ! ಚರ್ಚಿನ ಟೋಪಿ, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದ ಚೀಲ. ಮುಖ ನೋಡಿದ್ರೆ ಸಾವಿನ ಮನೆಗೆ ಬಂದ ಹಾಗೆ. ಆದ್ರೆ ಎಡ ಭುಜ ಇದೆಯಲ್ಲ, ಅದೊಂದು ಮಾತ್ರ ತಾಳಕ್ಕೆ ಕುಣೀತಾ ಇದೆ. ಅವಳಿಗೇ ಗೊತ್ತಿಲ್ಲ!" ಮಿಸ್ ಈಡಿತ್ ತಮ್ಮ ಭುಜವನ್ನು ಹಾಗೇ ಕುಣಿಸಿ ತೋರಿಸಿದರು. "ನಗು ತಡೀಲಿಲ್ಲ. ಹಾಡು ಮುಗಿಯೋದರೊಳಗೆ ಹೊರಟುಹೋದ್ಲು. ಮನೆಗೆ ಹೋದಾಗ, 'ಅನ್ನ ಒಲೆ ಮೇಲಿದೆ' ಅಂದ್ಲು. ಒಂದು ವರ್ಷ ಆದ್ಮೇಲೆ ಆಡಿದ ಮೊದಲ ಮಾತು."

ಒರಿಯೆಲಿಸ್‌ಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಬೇರೆಯವರ ಮನೆಗೆ ನುಗ್ಗಿ ಪೆಟ್ಟಿಗೆ ತೆಗೆದು ಒಳಗಿನದನ್ನು ಉಟ್ಟುಕೊಂಡು ಓಡಾಡಿದ ಹಾಗೆ ಅನಿಸಿತು. "ಈ ಹಾಡು ಬಿಟ್ಟುಬಿಡ್ತೀವಿ ಮಿಸ್ ಈಡಿತ್. ನಾಳೆ ಹಾಡಲ್ಲ."

"ನಾನು ಹಾಡು ಬೇಡ ಅಂದ್ನಾ? ನಗು ನಮ್ಮಮ್ಮನದು, ಅದನ್ನ ಬಿಡು. ಹಾಡು ಎಲ್ಲರದು." ದಿಂಬು ಸರಿಮಾಡಿಕೊಂಡರು. "ಇನ್ನೊಂದು ಮಾತು. ನಿಮ್ಮ ಐದು ಜನರ ಕಣ್ಣೂ ನಿಮ್ಮ ಬೆರಳ ಮೇಲೇ ಇದೆ. ನಾವು ಕಾಲು ನೋಡಿಕೊಂಡು ನುಡಿಸ್ತಿದ್ವಿ. ಕುಣಿಯೋರ ಕಾಲು."

ಮರುದಿನ ಮಧ್ಯಾಹ್ನ ಅದೇ ಸಂಘದ ಹಾಲ್. ನಿರೀಕ್ಷೆಗಿಂತ ಹೆಚ್ಚು ಜನ, ಬಹುಪಾಲು ತಂಡದ ಹುಡುಗರ ವಯಸ್ಸಿನವರೇ, ಅಜ್ಜಂದಿರ ಅಂಗಿ ಇಸ್ತ್ರಿ ಮಾಡಿ ತೊಟ್ಟು ಬಂದಿದ್ದರು. ಆದರೆ ಹಾಡು ಶುರುವಾದರೆ ಯಾರೂ ಕುಣಿಯಲೊಲ್ಲರು. ವಸ್ತುಪ್ರದರ್ಶನಕ್ಕೆ ಬಂದವರ ಹಾಗೆ ಅರ್ಧಚಂದ್ರಾಕಾರವಾಗಿ ನಿಂತು, ಭಕ್ತಿಯಿಂದ ತಲೆದೂಗುತ್ತ ಫೋನ್ ಎತ್ತಿ ಹಿಡಿದಿದ್ದರು. ಎರಡು ಹಾಡು ಹಾಗೇ ಹೋದವು.

ಮೂರನೆಯದು ಆ ಹಾಡು. ಮಿಸ್ ಈಡಿತ್ ಕುರ್ಚಿಯಿಂದ ಎದ್ದು, ಬಾಗಿಲ ಬಳಿ ಗೋಡೆಗೆ ಒರಗಿದ್ದ ಆಲ್ವಿನ್‌ನ ಅಪ್ಪನ ಮುಂದೆ ಹೋಗಿ ನಿಂತರು.

"ಏನಪ್ಪಾ, ಗೋಡೆ ಬಿದ್ದುಹೋಗತ್ತೆ ಅಂತ ಆತುಕೊಂಡಿದ್ದೀಯಾ? ಬಾ."

"ನನಗೆ ಮಂಡಿ ನೋವು, ಮಿಸ್ ಈಡಿತ್."

"ನನಗೆ ಎರಡೂ ಮಂಡಿ ನೋವು. ಬಾ ಅಂದ್ರೆ ಬಾ."

ಇಬ್ಬರೂ ನಡುವೆ ಬಂದರು. ಮಿಸ್ ಈಡಿತ್ ಹೆಚ್ಚೇನೂ ಮಾಡಲಿಲ್ಲ. ಪಾದ ನೆಲ ಬಿಡಲಿಲ್ಲ, ಸೊಂಟ ಮಾತ್ರ ತಾಳಕ್ಕಿಂತ ಕೂದಲೆಳೆ ಹಿಂದೆ ತೇಲಿತು. ಒರಿಯೆಲಿಸ್ ಆ ಪಾದಗಳನ್ನೇ ನೋಡಿದಳು. ಡ್ರಮ್ ಹುಡುಗನಿಗೆ ಕಣ್ಣಲ್ಲೇ, ನಿಧಾನ ಎಂದಳು. ಹಾಡು ಒಂದಿಷ್ಟು ತಗ್ಗಿತು, ಅಗಲವಾಯಿತು. ಒಂದು ಜೋಡಿ ಮುಂದೆ ಬಂತು, ಮತ್ತೊಂದು ಬಂತು, ಫೋನುಗಳು ಜೇಬು ಸೇರಿದವು. ಕುಣಿಯುವವರು ಬಿಡದ್ದರಿಂದ ನಾಲ್ಕು ನಿಮಿಷದ ಹಾಡು ಹನ್ನೊಂದು ನಿಮಿಷ ನಡೆಯಿತು. ಎರಡನೇ ಚರಣ ಯಾವಾಗ ಬಂತೋ ಯಾವಾಗ ಹೋಯಿತೋ, ಒರಿಯೆಲಿಸ್‌ಗೆ ಗೊತ್ತೇ ಆಗಲಿಲ್ಲ.

ಸಂಜೆ ಅವಳೇ ಮಿಸ್ ಈಡಿತ್‌ರನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋದಳು. ಊದಿದ ಪಾದಕ್ಕೆ ಚಪ್ಪಲಿ ಹಿಡಿಸದೆ ಅವರು ಕೈಯಲ್ಲಿ ಹಿಡಿದುಕೊಂಡಿದ್ದರು. ಮಾಂಸ ತುಂಬಿದ ಬಿಸಿ ಕಡುಬೊಂದನ್ನು ಕೊಂಡು ಇಬ್ಬರೂ ಹಂಚಿಕೊಂಡು ತಿಂದರು. ಮಾಂಸದ ಖಾರಕ್ಕೆ ಮುದುಕಿಯ ಮೂಗಲ್ಲಿ ನೀರು.

"ಆ ಕಾಲ ಚೆನ್ನಾಗಿತ್ತಲ್ವಾ?" ಎಂದಳು ಒರಿಯೆಲಿಸ್.

"ಬಿಳಿಯರ ಕ್ಲಬ್ಬುಗಳಲ್ಲಿ ನಮ್ಮನ್ನ ಅಡುಗೆಮನೆ ಬಾಗಿಲಿಂದ ಒಳಗೆ ಬಿಡ್ತಿದ್ರು. ಅದು ಚೆನ್ನಾಗಿರಲಿಲ್ಲ." ಸ್ವಲ್ಪ ಹೊತ್ತು ಅಗಿದರು. "ನನಗೆ ಇಪ್ಪತ್ತು ವರ್ಷ ಆಗಿತ್ತು. ಅದು ಚೆನ್ನಾಗಿತ್ತು."

ಒರಿಯೆಲಿಸ್ ಹಾಡಿನ ಬಗ್ಗೆ ಇನ್ನೇನೂ ಕೇಳಲಿಲ್ಲ. ಯೂನಿಫಾರ್ಮ್ ಹೊಲಿಯುತ್ತಿದ್ದ ಅಂಗಡಿ ಎಲ್ಲಿತ್ತು ಎಂದು ಕೇಳಿದಳು. ಮಿಸ್ ಈಡಿತ್ ಉತ್ಸಾಹದಿಂದ ಕಾಜಾ, ಗುಂಡಿ, ಹಠ ಹಿಡಿಯುವ ಮಕ್ಕಳ ಕಥೆ ಶುರುಮಾಡಿದರು.

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಅದುರುವ ಹಾಗೆ ಒಳಗೆ ಈಗಿನ ಯಾವುದೋ ಹಾಡು. ಮೆಟ್ಟಿಲು ಹತ್ತಿದ ಮಿಸ್ ಈಡಿತ್ ಕಂಬಿ ಹಿಡಿದು ನಿಂತು ಕಿವಿಗೊಟ್ಟರು.

"ಇದು ಯಾರದೇ? ತಳದಲ್ಲಿರೋ ತಾಳ ಭಾರಿ ಇದೆ."

"ಗೊತ್ತಿಲ್ಲ ಮಿಸ್ ಈಡಿತ್."

"ಗೊತ್ತಿಲ್ವಾ? ನಿಮ್ಮ ಕಾಲದ್ದಲ್ವೇನೇ! ಹೋಗಿ ಡ್ರೈವರನ್ನ ಕೇಳು."

ಒರಿಯೆಲಿಸ್ ತಾನೂ ಬಸ್ಸು ಹತ್ತಿ, ಜನರ ನಡುವೆ ದಾರಿ ಮಾಡಿಕೊಂಡು, ಕೇಳಲು ಮುಂದೆ ಹೋದಳು.