ಬಾಣದ ಗುರುತು

ಇಪ್ಪತ್ತೆರಡನೆಯ ದಿನವೂ ನನ್ನ ಓರಗಿತ್ತಿಗೆ ಮುಟ್ಟಿನ ರಕ್ತ ನಿಂತಿರಲಿಲ್ಲ. ಗಂಟೆಗೊಂದು ಬಟ್ಟೆ ಬದಲಿಸಬೇಕು. ನಮ್ಮ ಹೊಲಿಗೆ ಫ್ಯಾಕ್ಟರಿಯಲ್ಲಿ ಕಕ್ಕಸಿಗೆ ಬಿಡುವುದು ಅರ್ಧ ದಿನಕ್ಕೆ ಒಂದೇ ಸಲ. ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನು ಒಂದರ ಮೇಲೊಂದು ಮಡಿಚಿಟ್ಟುಕೊಂಡು ಅವಳು ಮಿಷನ್ ತುಳಿಯುತ್ತಿದ್ದಳು. ಏಳುವ ಮುಂಚೆ ನನ್ನ ಕಡೆ ನೋಡುವಳು. ಹಿಂದೆ ಕಲೆ ಇಲ್ಲ ಎಂದು ನಾನು ಸನ್ನೆ ಮಾಡಿದ ಮೇಲೇ ಏಳುವಳು.

ಅವಳನ್ನು ಎಲ್ಲರೂ ಕರೆಯುವುದು ಆಲ್ಟರ್ ಅಕ್ಕ ಎಂದು. ಹೊಲಿಗೆ ತಪ್ಪಿದ ಅಂಗಿ, ಅಂದರೆ ಆಲ್ಟರ್, ಸಿಕ್ಕರೆ ತಪಾಸಣೆಯವರು ತಪ್ಪಿದ ಜಾಗದಲ್ಲೇ ಬಾಣದ ಗುರುತಿನ ಚಿಕ್ಕ ಚೀಟಿ ಅಂಟಿಸುತ್ತಾರೆ. ಅಷ್ಟೇ ಜಾಗ ಬಿಚ್ಚಿ, ಅಷ್ಟನ್ನೇ ಹೊಲಿದು ಅಂಗಿ ಉಳಿಸುವುದು ಅವಳ ಕೆಲಸ. ಹದಿನಾರು ವರ್ಷದಲ್ಲಿ ಎಷ್ಟು ಅಂಗಿ ಉಳಿಸಿದ್ದಾಳೋ, ಮಾಲೀಕನಿಗೂ ಗೊತ್ತಿರಲಿಕ್ಕಿಲ್ಲ.

ಆ ದಿನ ಕಣ್ಣು ಕತ್ತಲೆ ಬಂದು ಮಿಷನ್ ಮೇಲೇ ಒರಗಿದಳು. ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಗಡಿಯಾರಪ್ಪ. ಅವನು ಗೇಟಿನ ಪಕ್ಕದ ಫ್ಯಾಕ್ಟರಿ ಡಾಕ್ಟರ ಕೋಣೆಗೆ ಕರೆದುಕೊಂಡು ಹೋಗು ಎಂದ. ನಾನೇ ಭುಜ ಹಿಡಿದು ನಡೆಸಿದೆ.

ಡಾಕ್ಟರು ತಲೆ ಎತ್ತಲಿಲ್ಲ. ತಿಂಗಳಿಗೆ ಸರಿಯಾಗಿ ಆಗತ್ತಾ ಎಂದು ಕೇಳಿದರು.

"ಈ ತಿಂಗಳು ಪೂರ್ತಿ ಆಗ್ತಾನೇ ಇದೆ ಸಾರ್" ಎಂದಳು ಅಕ್ಕ.

ವಯಸ್ಸು ಕೇಳಿದರು, ಮಕ್ಕಳೆಷ್ಟು ಕೇಳಿದರು. ನಲವತ್ತೊಂದು, ಇಬ್ಬರು. ಅಷ್ಟಕ್ಕೇ ಒಂದು ಕಾಗದ ಮುಂದೆ ತಳ್ಳಿದರು. ಗರ್ಭಚೀಲ ತೆಗೆಸುವ ಒಪ್ಪಿಗೆ ಪತ್ರ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಮೊದಲೇ ಅಚ್ಚಾಗಿತ್ತು.

ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಗಡಿಯಾರಪ್ಪ ಬುದ್ಧಿ ಹೇಳಿದ. "ತೆಗೆಸ್ಬಿಡಮ್ಮ. ಮಕ್ಕಳಾಗಿವೆ, ಇನ್ಯಾಕೆ ಅದು? ಆಮೇಲೆ ರಜೆ ಬೇಡ, ಗಳಿಗೆಗೊಂದ್ಸಲ ಕಕ್ಕಸು ಬೇಡ. ನಿಮ್ಮ ಸಾಲಲ್ಲೇ ಏಳು ಜನ ತೆಗೆಸಿದಾರೆ, ಆರಾಮಾಗಿಲ್ವಾ?"

ಆರಾಮವಂತೆ. ಆ ಏಳು ಜನರಲ್ಲಿ ನಾನೂ ಒಬ್ಬಳು. ಮೂವತ್ತನಾಲ್ಕಕ್ಕೇ ಸಹಿ ಹಾಕಿದವಳು. ಅಂದಿನಿಂದ ಸೊಂಟ ಹಿಡಿದುಕೊಂಡು ಏಳುತ್ತೇನೆ, ಕೂತಲ್ಲೇ ಮೈಯೆಲ್ಲ ಉರಿದು ಬೆವರುತ್ತೇನೆ. ನೆಗಡಿ ಬಂತೆಂದು ಮೂಗು ಕೊಯ್ದರು, ನಾವು ಕೈಮುಗಿದು ಬಂದೆವು.

ಅಕ್ಕ ಪೆನ್ನು ಮುಟ್ಟಲಿಲ್ಲ.

"ಸಾರ್, ಅಂಗಿ ಕೆಟ್ರೆ ಮೊದಲು ಎಲ್ಲಿ ಕೆಟ್ಟಿದೆ ಅಂತ ನೋಡ್ತೀವಿ. ಬಾಣ ಇಲ್ದೆ ಒಂದು ಹೊಲಿಗೇನೂ ನಾನು ಬಿಚ್ಚಲ್ಲ. ನೀವು ನನ್ನ ನೋಡೇ ಇಲ್ಲ. ಬಾಣ ಎಲ್ಲಿ ಅಂಟಿಸಿದೀರಿ, ತೋರ್ಸಿ."

ಡಾಕ್ಟರು ಆಗ ತಲೆ ಎತ್ತಿದರು. ಕೆಲಸ ಬೇಕೋ ಬೇಡವೋ ಎಂದು ಗಡಿಯಾರಪ್ಪ ಗದರಿದ.

"ಕೆಲಸಾನೂ ಬೇಕು, ಗರ್ಭಚೀಲಾನೂ ಬೇಕು" ಎಂದು ಹೇಳಿ ಅಕ್ಕ ಎದ್ದಳು.

ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂರು ಗಂಟೆ ಸಾಲಿನಲ್ಲಿ ನಿಂತೆವು. ಅಲ್ಲಿಯ ಡಾಕ್ಟರಮ್ಮ ಎಷ್ಟು ದಿನವಾಯಿತು, ದಿನಕ್ಕೆ ಎಷ್ಟು ಬಟ್ಟೆ, ರಕ್ತದ ಗಡ್ಡೆ ಬೀಳುತ್ತದಾ ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಪರೀಕ್ಷೆ ಮಾಡಿದರೆ ಮೈಯಲ್ಲಿ ರಕ್ತವೇ ಇಲ್ಲ. ಎರಡು ಬಾಟಲಿ ಹಾಕಿದರು. ಸ್ಕ್ಯಾನಿನಲ್ಲಿ ಗರ್ಭಚೀಲದೊಳಗೆ ಬೆರಳ ತುದಿಯಷ್ಟು ದುರ್ಮಾಂಸ ಕಾಣಿಸಿತು. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಹಾಕಿ ಅದನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲ ಎಂದು ವರದಿ ಬಂತು. ಕೆಲವರಿಗೆ ಚೀಲ ತೆಗೆಯಲೇಬೇಕಾಗುತ್ತದೆ, ಆದರೆ ಎಲ್ಲ ನೋಡಿದ ಮೇಲೆ, ಬೇರೆ ದಾರಿ ಇಲ್ಲದಾಗ ಎಂದರು ಡಾಕ್ಟರಮ್ಮ. ನನ್ನದನ್ನು ಫ್ಯಾಕ್ಟರಿ ಡಾಕ್ಟರು ತೆಗೆಸಿದರು ಎಂದೆ. ಅವರು ನನ್ನ ಕಡೆ ತಿರುಗಿ, ನಿಮಗೆ ಏನಾಗಿತ್ತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ರಕ್ತ ನಿಂತು, ಹದಿನೈದು ದಿನದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಊಟದ ಬಿಡುವಿನಲ್ಲಿ ಅವಳ ವರದಿ ಕೈಯಿಂದ ಕೈಗೆ ಹೋಯಿತು. ಓದು ಬಾರದವರೂ ಸ್ಕ್ಯಾನಿನ ಚಿತ್ರವನ್ನು ದಿಟ್ಟಿಸಿ ನೋಡಿದರು. ನಮ್ಮ ಏಳು ಜನರಲ್ಲಿ ಒಬ್ಬರ ಹತ್ತಿರವೂ ಇಂಥ ಕಾಗದ ಇರಲಿಲ್ಲ. ಹೊಟ್ಟೆಯ ಮೇಲೆ ಗೆರೆ ಮಾತ್ರ ಇತ್ತು.

ಬಿಡುವು ಮುಗಿದ ಗಂಟೆ ಹೊಡೆಯಿತು. ಯಾರೂ ಮಿಷನ್ ಕಡೆ ಹೋಗಲಿಲ್ಲ. ನಾವು ಏಳು ಜನ ಡಾಕ್ಟರ ಕೋಣೆಗೆ ನಡೆದೆವು, ಹಿಂದೆ ಇಡೀ ಸಾಲು ಬಂತು. ಅಡ್ಡ ಬಂದ ಗಡಿಯಾರಪ್ಪನನ್ನು ಅಕ್ಕನೇ ಪಕ್ಕಕ್ಕೆ ಸರಿಸಿದಳು. ಮೇಜಿನ ಮೇಲೆ ಹೆಸರು ತುಂಬದ ಒಪ್ಪಿಗೆ ಪತ್ರಗಳ ಕಟ್ಟು ಇತ್ತು. ಅದರ ಮೇಲೆ ಕೈ ಊರಿ ನಾನೇ ಮೊದಲು ಕೇಳಿದೆ.

"ಡಾಕ್ಟ್ರೇ, ನನಗೆ ಏನಾಗಿತ್ತು?"

ಅವರು ಆ ಕಟ್ಟನ್ನು ಎಳೆದುಕೊಳ್ಳಲು ನೋಡಿದರು, ನಾನು ಕೈ ತೆಗೆಯಲಿಲ್ಲ. ನನ್ನ ಹಿಂದಿದ್ದವಳು ಮುಂದೆ ಬಂದು ಅದನ್ನೇ ಕೇಳಿದಳು. ಇನ್ನೂ ಐದು ಜನ ಕೇಳುವವರಿದ್ದರು.