ಬೀಗರೂಟದ ದಿನ ಸೋಮಮ್ಮ ನುಂಗಿದ ಎರಡು ಮಾತ್ರೆ

ಮದ್ದೂರು ಸೀಮೆಯ ಕೊಪ್ಪದ ಸೋಮಮ್ಮನಿಗೆ ಹೊಟ್ಟೆ ಹಸಿವಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ. ಯಾರ ಮೇಲೆ ಅಂತೀರಾ? ಸ್ವಂತ ವಾರಗಿತ್ತಿ ಮಾಯಮ್ಮನ ಮೇಲೆ! ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು, ಈಗ ಅಕ್ಕಪಕ್ಕದಲ್ಲೇ ಬೇರೆ ಬೇರೆ ಮನೆ. ಇಬ್ಬರದ್ದೂ ದಪ್ಪ ಮೈ. ಈಗ ಆರು ತಿಂಗಳಿಂದ ಮಾಯಮ್ಮ ಮಾತ್ರ ಇಳೀತಾ ಇಳೀತಾ ಚೆನ್ನಾಗಿ ಆಗಿಬಿಟ್ಟಳು.

ಡೈರಿಗೆ ಹಾಲು ಹಾಕೋಕೆ ಹೋದರೆ ಹೆಂಗಸರೆಲ್ಲ ಅವಳನ್ನೇ ಸುತ್ತಿಕೊಳ್ಳೋರು. "ಏನ್ ಮಾಯಕ್ಕ, ಮದುವೆ ಹೆಣ್ಣಂಗೆ ಆಗೋಗಿದ್ದೀಯಲ್ಲ!" ಪಕ್ಕದಲ್ಲೇ ಕ್ಯಾನು ಹಿಡಿದು ನಿಂತ ಸೋಮಮ್ಮನಿಗೆ ಮೈಯೆಲ್ಲ ಉರಿದುಹೋಗೋದು.

ಅಷ್ಟರಲ್ಲಿ ಸೋಮಮ್ಮನ ಮಗಳು ನಿಖಿತಾಗೆ ಮದುವೆ ಗೊತ್ತಾಯ್ತು. ಮದುವೆಯಾದ ಮೂರನೇ ದಿನ ಪೂರಿಗಾಲಿಯ ಬೀಗರ ಮನೇಲಿ ಬೀಗರೂಟ. ಹೊಸ ಬೀಗರ ಮುಂದೆ ತಾನು ಗುಡಾಣದ ಹಾಗೆ, ವಾರಗಿತ್ತಿ ಬಳ್ಳಿಯ ಹಾಗೆ ನಿಂತರೆ ಮಾನ ಉಳಿಯುತ್ತಾ? ಸೋಮಮ್ಮನಿಗೆ ಇದೇ ಚಿಂತೆ.

ಒಂದು ದಿನ ಮಾಯಮ್ಮನ ಅಡುಗೆಮನೇಲಿ ಮಾತ್ರೆ ಶೀಟು ಕಂಡಿತು.

"ಇದೇನೇ ಮಾಯಿ?"

"ತಿಂದ ಜಿಡ್ಡೆಲ್ಲ ಮೈಗೆ ಹತ್ತದಂಗೆ ತಡೆಯೋ ಮಾತ್ರೆ ಕಣಕ್ಕ. ಮದ್ದೂರು ಡಾಕ್ಟರಮ್ಮ ಬರ್ಕೊಟ್ಟವ್ರೆ. ನೀನೂ ಬಾ, ತೋರಿಸ್ಕೊಂಡು ಬರಾನ."

"ನಂಗ್ಯಾಕವ್ವ ಅದೆಲ್ಲ!" ಅಂದ ಸೋಮಮ್ಮ ಒಂದು ಖಾಲಿ ಶೀಟನ್ನು ಮೆಲ್ಲಗೆ ಸೆರಗಿಗೆ ಗಂಟು ಹಾಕಿಕೊಂಡಳು. ಮದ್ದೂರಲ್ಲಾದರೆ ಗುರುತಿನವರು ಕಂಡಾರು ಅಂತ ಮಳವಳ್ಳಿ ಬಸ್ಸು ಹತ್ತಿದಳು. ಯಾವುದೋ ಮೆಡಿಕಲ್ ಸ್ಟೋರಿನವನು ಡಾಕ್ಟರ ಚೀಟಿಯನ್ನೂ ಕೇಳದೆ ಮಾತ್ರೆ ಕೊಟ್ಟುಬಿಟ್ಟ.

ಸೋಮಮ್ಮನಿಗೆ ಮೊದಲೇ ಥೈರಾಯ್ಡ್ ಇತ್ತು, ಅದಕ್ಕೆ ದಿನಾ ಮಾತ್ರೆ ತಗೋತಿದ್ದಳು. ಆ ಮಾತ್ರೆ, ಈ ಮಾತ್ರೆ ಎರಡನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಟ್ಟಿಗೇ ನುಂಗಿದಳು. ಎಣ್ಣೇಲಿ ಕರಿದ ಬೋಂಡ ತಿನ್ನೋದನ್ನಂತೂ ಬಿಡಲಿಲ್ಲ. ತಿಂಗಳಾದರೂ ಮೈ ಇಳಿಯಲಿಲ್ಲ, ಸುಸ್ತು ಮಾತ್ರ ಜಾಸ್ತಿ ಆಯ್ತು. ಮದುವೆ ಬಂದೇ ಬಂತು. "ಒಂದು ಸಾಲದು" ಅಂತ ಪ್ರತಿ ಊಟಕ್ಕೂ ಎರಡೆರಡು ಮಾತ್ರೆ ನುಂಗೋಕೆ ಶುರುಮಾಡಿದಳು. ಮೇಲೆ ತುಪ್ಪದ ಹೋಳಿಗೆ ಬಾರಿಸಿದಳು. ಮಾತ್ರೆ ಐತಲ್ಲ, ಭಯ ಯಾಕೆ!

ಬೀಗರೂಟದ ದಿನವೂ ಎರಡು ಮಾತ್ರೆ ನುಂಗಿ, ಹೊಸ ರೇಷ್ಮೆ ಸೀರೆ ಉಟ್ಟು ಪಂಕ್ತೀಲಿ ಕೂತಳು. ಮುದ್ದೆ ಮುಗೀತು, ಬೋಟಿ ಗೊಜ್ಜು ಮುಗೀತು. ಎರಡನೇ ಸಲ ಬಾಡು ಬಡಿಸುವಾಗ ಹೊಟ್ಟೆ ಗುಳುಗುಳು ಅಂತು. ಏಳೋಣ ಅನ್ನುವಷ್ಟರಲ್ಲಿ ತಡೆಯೋಕಾಗಲಿಲ್ಲ. ಕೂತಲ್ಲೇ ಎಣ್ಣೆಯಂಥ ಭೇದಿಯಾಗಿ ಸೀರೆ ಒದ್ದೆಯಾಗಿ ಹೋಯಿತು.

"ಇನ್ನೆರಡು ತುಂಡು ಹಾಕ್ಸ್ಕಳಿ ಬೀಗಿತ್ತಿ!" ಅಂತ ನಿಖಿತಾಳ ಅತ್ತೆ ಎದುರಿಗೇ ನಿಂತರು. ಸೋಮಮ್ಮನ ಕಣ್ಣಲ್ಲಿ ನೀರು. ಎದ್ದರೆ ಮಾನ ಹೋಗುತ್ತೆ, ಕೂತರೂ ಹೋಗುತ್ತೆ.

ಪಕ್ಕದಲ್ಲಿದ್ದ ಮಾಯಮ್ಮ ಅವಳ ಮುಖ ನೋಡಿದಳು. ತಕ್ಷಣ ತನ್ನ ಸಾರಿನ ಬಟ್ಟಲನ್ನು ಅವಳ ಮಡಿಲಿಗೆ ಚೆಲ್ಲಿ, "ಅಯ್ಯಯ್ಯೋ, ನನ್ ಕೈಗಿಷ್ಟು ಬೆಂಕಿ ಬೀಳ! ಅಕ್ಕನ ರೇಷ್ಮೆ ಸೀರೆ ಹಾಳ್ಮಾಡ್ಬುಟ್ಟೆ!" ಅಂತ ಕೂಗಿಕೊಂಡಳು. ಬೀಗಿತ್ತಿ ನೀರು ತರೋಕೆ ಓಡಿದರು. ಮಾಯಮ್ಮ ಸೆರಗು ಅಡ್ಡ ಹಿಡಿದು ಸೋಮಮ್ಮನ ಹಿಂದೆಯೇ ಬಚ್ಚಲಿಗೆ ನಡೆದಳು. ಎಲ್ಲಿಗೆ ಹೋದರೂ ಚೀಲದಲ್ಲಿ ಇಟ್ಟುಕೊಂಡೇ ಇರುತ್ತಿದ್ದ ಇನ್ನೊಂದು ಸೀರೆ ಕೊಟ್ಟಳು.

"ನಿಂಗೆಂಗೆ ಗೊತ್ತಾಯ್ತೇ?"

"ನಂಗೂ ಮೊದ್ಮೊದ್ಲು ಹಿಂಗೇ ಆಗಿತ್ತು ಕಣಕ್ಕ. ತಡೆದ ಜಿಡ್ಡು ಎಲ್ಲಿಗೋಯ್ತದೆ? ಹಿಂದಿಂದಾನೆ ಬರಬೇಕಲ್ಲ!"

ಸೋಮಮ್ಮ ಬಿಕ್ಕಿಬಿಕ್ಕಿ ಅತ್ತಳು. "ನಿನ್ ಕಂಡ್ರೆ ಹೊಟ್ಟೆ ಉರೀತಿತ್ತು ಕಣೇ ಮಾಯಿ."

"ನಂಗೇನ್ ಕಮ್ಮಿ ಉರೀತಿತ್ತಾ? ನಾನು ಸ್ಪೂನಲ್ಲಿ ಎಣ್ಣೆ ಅಳ್ಕೊಂಡು ಸೊಪ್ಪಿನ ಸಾರು ತಿಂತಿದ್ರೆ, ನಿಮ್ಮನೆಯಿಂದ ಬೋಂಡದ ವಾಸನೆ ಬತ್ತಿತ್ತು!" ಅಳುತ್ತಿದ್ದವಳಿಗೂ ನಗು ಬಂತು.

ಮಾರನೇ ದಿನ ಮಾಯಮ್ಮ ಸೋಮಮ್ಮನನ್ನೂ ಅವಳ ಗಂಡ ಶಿವರಾಜುವನ್ನೂ ಮದ್ದೂರಿಗೆ ಕರಕೊಂಡು ಹೋದಳು. ನಡೆದದ್ದೆಲ್ಲ ಕೇಳಿ, ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಗದರಿದರು. "ಥೈರಾಯ್ಡ್ ಮಾತ್ರೆ ಕೆಲಸ ಮಾಡೋಕೇ ಬಿಟ್ಟಿಲ್ಲ ನೀವು. ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. ಈ ಜಿಡ್ಡಿನ ಮಾತ್ರೆ ಊಟದ ಜೊತೆ ತಗೊಳ್ಳೋದು, ಖಾಲಿ ಹೊಟ್ಟೆಗಲ್ಲ. ಒಂದು ಹೊತ್ತು ಊಟ ಬಿಟ್ಟರೆ ಆ ಹೊತ್ತಿನ ಈ ಮಾತ್ರೆಯನ್ನೂ ಬಿಡಿ. ಎರಡು ನುಂಗಿದರೆ ಎರಡು ಪಟ್ಟು ಇಳಿಯಲ್ಲ, ಎರಡು ಪಟ್ಟು ತೊಂದರೆ ಅಷ್ಟೇ."

"ಹಂಗಾದ್ರೆ ಬಾಡು ತಿನ್ನಂಗೇ ಇಲ್ವಾ ಮೇಡಂ?" ಅಂದ ಶಿವರಾಜು.

"ತಿನ್ನಿ, ಜಿಡ್ಡು ಕಮ್ಮಿ ಮಾಡಿ. ಮಾಯಮ್ಮ ಇಳಿದಿದ್ದು ಬರೀ ಮಾತ್ರೆಯಿಂದಲ್ಲ. ದಿನಾ ನಡೀತಾರೆ, ಎಣ್ಣೆ ಅಳೆದು ಹಾಕ್ತಾರೆ. ಜಿಡ್ಡಿನ ಜೊತೆ ವಿಟಮಿನ್ನೂ ಆಚೆ ಹೋಗುತ್ತೆ ಅಂತ ಮಲಗುವಾಗ ವಿಟಮಿನ್ ಮಾತ್ರೆ ತಗೋತಾರೆ."

ಡಾಕ್ಟರಮ್ಮ ಸದ್ಯಕ್ಕೆ ಸೋಮಮ್ಮನಿಗೆ ಥೈರಾಯ್ಡ್ ಮಾತ್ರೆ ಮಾತ್ರ ಸಾಕು ಅಂದರು. ಈಗ ಶಿವರಾಜುನೇ ಅಡುಗೆಗೆ ಎಣ್ಣೆ ಅಳೆದು ಕೊಡ್ತಾನೆ. ವಾರಗಿತ್ತಿಯರು ಡೈರಿಗೆ ಜೊತೇಲೇ ನಡೀತಾರೆ.

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಮನೆಯವರ ಮಾತ್ರೆ ನೋಡಿ ನೀವು ನುಂಗಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರಂತೂ ಮುಟ್ಟಲೇಬೇಡಿ. ಥೈರಾಯ್ಡ್, ಮೂರ್ಛೆರೋಗ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗೋದಕ್ಕೆ ಅಂತ ಏನೇ ಔಷಧಿ ತಗೋತಿದ್ದರೂ ಮೊದಲು ಡಾಕ್ಟರಿಗೆ ಹೇಳಿ. ಕಣ್ಣು ಹಳದಿಯಾದರೆ, ಹೊಟ್ಟೆನೋವು ಜೋರಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಸೋಮಮ್ಮನ ಪಕ್ಕದಲ್ಲಿ ಮಾಯಮ್ಮ ಕೂತಿದ್ದಳು, ಸಾರು ಚೆಲ್ಲಿ ಮಾನ ಉಳಿಸಿದಳು. ನಿಮ್ಮ ಪಕ್ಕದಲ್ಲಿ ಯಾರು ಕೂತಿರ್ತಾರೋ, ಯಾರಿಗೆ ಗೊತ್ತು?